ಕುಡಿತ ಬಿಟ್ಟವರಿಗೆ ಯಾವ ಆಟ ಆಗಿಬರುತ್ತೆ: ಸಂಜೆ ಏಳು ಗಂಟೆಯ ಲೆಕ್ಕ

ನಮ್ಮಣ್ಣ ಹದಿನಾಲ್ಕು ವರ್ಷ ಕುಡಿದ. ಬಿಟ್ಟು ಇದು ಐದನೇ ವರ್ಷ. ಬಿಟ್ಟ ಹೊಸದರಲ್ಲಿ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಬೆಳಿಗ್ಗೆ ಎದ್ದು ವಾಕಿಂಗ್ ಹೋಗಲಿ, ಎಲ್ಲಾ ಸರಿಹೋಗುತ್ತೆ." ಅವನೂ ಹೋದ. ದಿನಾ ಆರು ಗಂಟೆಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇರುತ್ತಿದ್ದ. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಮೂರನೇ ತಿಂಗಳು ಒಂದು ಸಂಜೆ ಮತ್ತೆ ಕುಡಿದು ಬಂದ. ಮರುದಿನ ಬೆಳಿಗ್ಗೆ ಅದೇ ಆರು ಗಂಟೆಗೆ ಎದ್ದು ವಾಕಿಂಗೂ ಹೋದ.

ಅವತ್ತು ನನಗೊಂದು ವಿಷಯ ಹೊಳೆಯಿತು. ಅಣ್ಣ ಬೆಳಿಗ್ಗೆ ಆರಕ್ಕೆ ಯಾವತ್ತೂ ಕುಡಿದವನಲ್ಲ. ಕುಡಿಯುತ್ತಿದ್ದದ್ದು ಕೆಲಸ ಬಿಟ್ಟ ಮೇಲೆ, ಸಂಜೆ ಏಳರಿಂದ ಒಂಬತ್ತು. ಕೆರೆ ಏರಿಯ ಮೇಲೆ ಅವನು ಎಷ್ಟು ಸುತ್ತು ಹಾಕಿದರೂ ಆ ಎರಡು ಗಂಟೆ ಹಾಗೇ ಖಾಲಿ ಬಿದ್ದಿತ್ತು. ಆ ಹೊತ್ತಿಗೆ ಕಾಲು ತಾನಾಗಿಯೇ ಹಳೇ ದಾರಿ ಹಿಡಿಯುತ್ತಿತ್ತು.

ಅದಕ್ಕೇ ಇಲ್ಲಿ ಆಟಗಳನ್ನು ಹೋಲಿಸುವಾಗ ಯಾವುದರಲ್ಲಿ ಎಷ್ಟು ಕ್ಯಾಲೊರಿ ಕರಗುತ್ತೆ ಅಂತ ನೋಡಿಲ್ಲ. ಮೂರೇ ಪ್ರಶ್ನೆ ಕೇಳಿದ್ದೇನೆ. ಈ ಆಟ ಕುಡಿಯುವ ಹೊತ್ತನ್ನು ತುಂಬುತ್ತದೆಯೇ? ಆಟ ಮುಗಿದ ಮೇಲೆ ಜೊತೆಗಿರುವವರು ಎಲ್ಲಿಗೆ ಹೋಗುತ್ತಾರೆ? ನೀವು ಒಂದು ದಿನ ಬರಲಿಲ್ಲ ಅಂದರೆ ಯಾರಾದರೂ ಫೋನ್ ಮಾಡುತ್ತಾರೆಯೇ? ನಾನು ಡಾಕ್ಟರ್ ಅಲ್ಲ. ಅಣ್ಣನ ಜೊತೆ ಐದು ವರ್ಷ ಮೈದಾನ, ಶಟಲ್ ಕೋರ್ಟು, ಆಸ್ಪತ್ರೆ ಸುತ್ತಿದವನು.

ಮೊದಲ ವಾರ ಯಾವ ಆಟವೂ ಬೇಡ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ತಪ್ಪು ಮಾಡಿದ್ದು ನಾನೇ. ಅದಕ್ಕೂ ಹಿಂದೆ ಒಂದು ಸಲ ಅಣ್ಣ "ಇನ್ನು ಮುಟ್ಟೋದಿಲ್ಲ" ಎಂದು ಒಮ್ಮೆಲೇ ನಿಲ್ಲಿಸಿದ್ದ. ಮರುದಿನ ಕೈ ನಡುಗುತ್ತಿತ್ತು, ಲೋಟ ಹಿಡಿಯಲಾಗುತ್ತಿರಲಿಲ್ಲ. "ಬೆವರು ಹರಿದರೆ ಎಣ್ಣೆ ಎಲ್ಲಾ ಇಳಿದುಹೋಗುತ್ತೆ" ಎಂದು ಯಾರೋ ಹೇಳಿದ್ದನ್ನು ನಂಬಿದೆ. ಅವನನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಲು ಕರೆದುಕೊಂಡು ಹೋದೆ. ನಂದಿಯವರೆಗೂ ಹೋಗಲಿಲ್ಲ. ಮೆಟ್ಟಿಲ ಮೇಲೇ ಫಿಟ್ಸ್ ಬಂತು. ತಲೆಗೆ ಪೆಟ್ಟಾಗಲಿಲ್ಲ, ಅದು ಆ ತಾಯಿಯ ದಯೆ.

ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ಎದೆಬಡಿತ ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ತಾವು ಎಲ್ಲಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಬೆವರಿನ ಮಾತಂತೂ ಸುಳ್ಳು. ಕುಡಿದ ಆಲ್ಕೋಹಾಲ್‌ನಲ್ಲಿ ಶೇ. 90ಕ್ಕೂ ಹೆಚ್ಚು ಭಾಗವನ್ನು ಕರಗಿಸುವುದು ಲಿವರ್. ಓಡಿ ಅದರ ಕೆಲಸ ಬೇಗ ಮುಗಿಸಲಾಗುವುದಿಲ್ಲ.

ಹಾಗಾಗಿ ಮೊದಲು ಡಾಕ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಎಲ್ಲಿಂದ ಶುರು ಮಾಡುವುದು ಅಂತಲೇ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಾದಕ ವಸ್ತುಗಳ ಚಟಕ್ಕೆ 14446 ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು ನಮ್ಮ ಸುತ್ತಮುತ್ತ ತುಂಬಾ ಜನ ಇದ್ದಾರೆ. ಆದರೆ ನಡುಕ ಇರುವವರನ್ನು ಎಲ್ಲಿಗೇ ಕಳಿಸಿದರೂ ಮೊದಲು ಡಾಕ್ಟರಿಗೆ ತೋರಿಸಿಯೇ ಕಳಿಸಿ.

ಡಾಕ್ಟರ ಹತ್ತಿರ ಕೂತಾಗ ಈ ನಾಲ್ಕು ವಿಷಯ ಕೇಳಿ: ಬಿಪಿ ಹೇಗಿದೆ, ಲಿವರ್ ಎಷ್ಟು ಹಾಳಾಗಿದೆ, ಪಾದದಲ್ಲಿ ಜೋಮು ಇದೆಯೇ, ನಡೆಯುವಾಗ ತೂರಾಟ ಇದೆಯೇ. ಮುಂದೆ ಯಾವ ಆಟ ಅನ್ನುವುದು ಅರ್ಧ ಇಲ್ಲೇ ತೀರ್ಮಾನವಾಗುತ್ತದೆ.

ಓಟ ಮತ್ತು ನಡಿಗೆ

ಖರ್ಚಿಲ್ಲ. ಒಂದು ಜೊತೆ ಶೂ ಸಾಕು. ಯಾರ ಅಪ್ಪಣೆಯೂ ಬೇಡ. ಆಸ್ಪತ್ರೆಯಿಂದ ಬಂದ ಮೊದಲ ಎರಡು ಮೂರು ವಾರಕ್ಕೆ ನಡಿಗೆಗಿಂತ ಒಳ್ಳೆಯದು ಬೇರೆ ಇಲ್ಲ. ಕುಡಿಯಬೇಕು ಅನ್ನುವ ಸೆಳೆತ ಅಲೆಯ ಹಾಗೆ ಬರುತ್ತೆ, ಹೆಚ್ಚಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತೆ. ಅಷ್ಟು ಹೊತ್ತು ಕಾಲಿಗೆ ಕೆಲಸ ಕೊಟ್ಟರೆ ಸಾಕು.

ಆದರೆ ಓಟ ಒಂಟಿ ಆಟ. ಹೋಗದಿದ್ದರೆ ಕೇಳುವವರಿಲ್ಲ. ಓಡುತ್ತಾ ಓಡುತ್ತಾ ತಲೆಯಲ್ಲಿ ಹಳೆಯದೆಲ್ಲ ಸುತ್ತುತ್ತೆ: ಹೆಂಡತಿ ಹತ್ತಿರ ಆಡಿದ ಮಾತು, ಸಾಲ, ಹೋದ ಕೆಲಸ. ಕೆಲವರಿಗೆ ಆ ಒಂಟಿತನವೇ ಔಷಧಿ. ನಮ್ಮಣ್ಣನಂಥ ಹರಟೆಮಲ್ಲನಿಗೆ ಅದು ವಿಷವಾಯಿತು. ಓಟವೇ ಇಷ್ಟ ಅನ್ನುವವರು ಅದನ್ನು ಸಂಜೆಗೆ ತನ್ನಿ, ಒಬ್ಬರನ್ನಾದರೂ ಜೊತೆಗೆ ಹಾಕಿಕೊಳ್ಳಿ. ಹೋಗುವ ದಾರಿಯಲ್ಲಿ ಹಳೇ ಬಾರ್ ಬಾಗಿಲು ಸಿಗಬಾರದು. ಎರಡು ಬೀದಿ ಸುತ್ತಾದರೂ ಪರವಾಗಿಲ್ಲ.

ಪಾದದಲ್ಲಿ ಜೋಮು ಇರುವವರು ಓಡಬೇಡಿ. ಕುಡಿತ ಕಾಲಿನ ನರಗಳನ್ನು ಹಾಳು ಮಾಡಿರುತ್ತೆ. ಬೊಬ್ಬೆ ಎದ್ದರೂ, ಗಾಯವಾದರೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಚಟದ ಸ್ವಭಾವದವರು ಓಟವನ್ನೂ ಚಟದ ಹಾಗೇ ಹಿಡಿಯುತ್ತಾರೆ. ಐದು ಕಿಲೋಮೀಟರ್ ಹತ್ತಾಗುತ್ತೆ, ಹತ್ತು ಇಪ್ಪತ್ತಾಗುತ್ತೆ, ಮಂಡಿ ಊದಿಕೊಂಡರೂ ನಿಲ್ಲಿಸುವುದಿಲ್ಲ. ಆಮೇಲೆ ಒಂದು ದಿನ ಮಂಡಿ ಪೂರ್ತಿ ಕೈಕೊಟ್ಟು ಮನೆಯಲ್ಲಿ ಕೂರಬೇಕಾಗುತ್ತೆ. ಖಾಲಿ ಸಂಜೆ ಮತ್ತೆ ಎದುರಿಗೆ ನಿಲ್ಲುತ್ತೆ. ಮೊದಲ ವರ್ಷ ಪಂದ್ಯಕ್ಕೆ ಹೆಸರು ಕೊಡಬೇಡಿ ಅನ್ನುವುದು ನನ್ನ ಸಲಹೆ.

ಗರಡಿ ಮನೆಯೋ ಜಿಮ್ಮೋ

ಮೈಸೂರಿನವನಾಗಿ ನನಗೆ ಗರಡಿ ಮೇಲೆ ಮಮತೆ ಇದೆ, ಮುಚ್ಚಿಡುವುದಿಲ್ಲ. ದಸರಾ ಕುಸ್ತಿಗೆ ತಯಾರಾಗುವ ಹುಡುಗರನ್ನು ನೋಡಿಕೊಂಡೇ ಬೆಳೆದವರು ನಾವು. ಗರಡಿಯಲ್ಲಿ ಜಿಮ್ಮಿನಲ್ಲಿ ಇಲ್ಲದ ಒಂದು ವಸ್ತು ಇದೆ, ಅದು ಉಸ್ತಾದರ ಕಣ್ಣು. ಹನುಮಂತನ ಪಟಕ್ಕೆ ಕೈಮುಗಿದು ಕೆಮ್ಮಣ್ಣಿಗೆ ಇಳಿಯುವ ಜಾಗಕ್ಕೆ ಬಾಯಿ ವಾಸನೆ ಇಟ್ಟುಕೊಂಡು ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಹೋದರೂ ಉಸ್ತಾದರಿಗೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತೆ. ಇಪ್ಪತ್ತು ಇಪ್ಪತ್ತೈದರ ಹುಡುಗ ಗಾಂಜಾ, ಎಣ್ಣೆ ಬಿಟ್ಟು ಹೊರಬಂದಿದ್ದರೆ, ಹತ್ತಿರದಲ್ಲಿ ಸಂಜೆ ನಡೆಯುವ ಗರಡಿ ಇದ್ದರೆ, ಎರಡನೇ ಯೋಚನೆಯೇ ಬೇಡ.

ನಲವತ್ತು ದಾಟಿದವರು ಕುಸ್ತಿಗೆ ಜೋಡಿ ಹಿಡಿಯಲು ಹೋಗಬಾರದು. ಕುತ್ತಿಗೆ, ಭುಜ ತಡೆಯುವುದಿಲ್ಲ. ಸುಮ್ನೆ ಸಾಮು ಮಾಡಿ, ಹತ್ತು ದಂಡೆ, ಇಪ್ಪತ್ತು ಬಸ್ಕಿ, ಆಮೇಲೆ ಹುಡುಗರ ಕುಸ್ತಿ ನೋಡುತ್ತಾ ಕೂತರೂ ಆ ಹೊತ್ತು ಕಳೆಯುತ್ತೆ.

ಜಿಮ್ ಸಂಜೆ ತೆರೆದಿರುತ್ತೆ, ಅದು ದೊಡ್ಡ ಅನುಕೂಲ. ಆದರೆ ಮೂರು ತಿಂಗಳ ದುಡ್ಡು ಕಟ್ಟಿಸಿಕೊಂಡ ಮೇಲೆ ನೀವು ಬಂದಿರೋ ಇಲ್ಲವೋ ಹೆಚ್ಚಿನ ಕಡೆ ಯಾರೂ ಕೇಳುವುದಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ಹೋಗಿ ಒಬ್ಬರೇ ಬರುವ ಜಾಗ ಅದು. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿರುವವರು ಡಾಕ್ಟರನ್ನು ಕೇಳದೆ ಭಾರ ಎತ್ತಲೇಬಾರದು. ಅಂಥವರ ಅನ್ನನಾಳದಲ್ಲಿ ರಕ್ತನಾಳ ಉಬ್ಬಿರಬಹುದು. ಉಸಿರು ಬಿಗಿಹಿಡಿದು ಎತ್ತಿದರೆ ಅದು ಒಡೆಯುವ ಭಯ ಇದೆ.

ಗರಡಿ, ಜಿಮ್ ಎರಡಕ್ಕೂ ಸೇರಿದ ಎಚ್ಚರಿಕೆ ಒಂದಿದೆ. "ಮೈ ತುಂಬಿಕೊಳ್ಳಲಿ" ಎಂದು ಯಾರಾದರೂ ಪ್ರೀತಿಯಿಂದ ಅಶ್ವಗಂಧಾರಿಷ್ಟ, ದ್ರಾಕ್ಷಾರಿಷ್ಟ ಕೊಡುತ್ತಾರೆ. ಅರಿಷ್ಟ ಅಂದರೆ ಹುಳಿಬರಿಸಿ ಮಾಡಿದ ಔಷಧಿ. ಅದರಲ್ಲಿ ತಾನಾಗಿಯೇ ಹುಟ್ಟಿದ ಆಲ್ಕೋಹಾಲ್ ಇರುತ್ತೆ, ಸೀಸೆಯ ಮೇಲೇ ಬರೆದಿರುತ್ತಾರೆ. ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅಷ್ಟೇ ಸಾಕು, ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಆಸ್ಪತ್ರೆ ಸೇರಬೇಕಾಗುತ್ತೆ. ಮಾತ್ರೆ ಇಲ್ಲದವರಿಗೂ ಆ ರುಚಿ ನಾಲಿಗೆಗೆ ಬೇಡ.

ಕ್ರಿಕೆಟ್, ವಾಲಿಬಾಲ್, ಕಬಡ್ಡಿ

ಕ್ರಿಕೆಟ್ಟನ್ನು ನಾನು ಬೇಡ ಎಂದೇ ಹೇಳುತ್ತೇನೆ. ಆಟ ಕೆಟ್ಟದ್ದು ಅಂತಲ್ಲ, ಅಣ್ಣನಿಗೆ ಪ್ರಾಣವೇ ಕ್ರಿಕೆಟ್. ಆದರೆ ನಮ್ಮ ಬಡಾವಣೆಗಳ ಟೆನಿಸ್ ಬಾಲ್ ಟೂರ್ನಮೆಂಟ್ ನೆನಪಿಸಿಕೊಳ್ಳಿ. ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ನಡೆಯುತ್ತೆ. ಅದರಲ್ಲಿ ನೀವು ಆಡುವುದು ಹತ್ತು ಓವರ್, ಬ್ಯಾಟಿಂಗ್ ಸಿಕ್ಕರೆ ಸಿಕ್ಕಿತು. ಉಳಿದ ಹೊತ್ತೆಲ್ಲ ಮರದ ನೆರಳಲ್ಲಿ ಮುಂದಿನ ಮ್ಯಾಚಿಗೆ ಕಾಯುವುದು. ಆ ನೆರಳಿಗೇ ಬಾಟಲಿ ಬರುವುದು. ಗೆದ್ದರೆ ಪಾರ್ಟಿ, ಸೋತರೆ ಬೇಜಾರಿಗೆ ಪಾರ್ಟಿ. ಬಹುಮಾನದ ದುಡ್ಡು ಮನೆಗೆ ಹೋಗಿದ್ದನ್ನು ನಾನು ಕಂಡಿಲ್ಲ. ಅಣ್ಣ ಬಿಟ್ಟ ಏಳನೇ ತಿಂಗಳಲ್ಲಿ ಎರಡನೇ ಸಲ ಜಾರಿದ್ದು ಇಂಥದ್ದೇ ಒಂದು ಭಾನುವಾರ. ಅವನಿಗೆ ಯಾರೂ ಬಲವಂತ ಮಾಡಲಿಲ್ಲ. "ನಿನಗೆ ಬೇಡ ಬಿಡಪ್ಪ" ಎಂದೇ ಹೇಳಿದರಂತೆ. ಆದರೆ ಎಲ್ಲರ ಕೈಯಲ್ಲೂ ಲೋಟ ಇದ್ದಾಗ ಬರಿಗೈಯಲ್ಲಿ ಕೂರುವುದು ಎಷ್ಟು ಕಷ್ಟ ಅಲ್ವಾ?

ಮೊಬೈಲಿನಲ್ಲಿ ದುಡ್ಡು ಕಟ್ಟುವ ಆಟದ ಚಟದಿಂದ ಬಂದವರಿಗಂತೂ ಕ್ರಿಕೆಟ್ ನೋಡುವುದೂ ಕಷ್ಟ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿತು. ಆದರೂ ಬೌಂಡರಿ ಹೊಡೆದ ಕೂಡಲೇ ಅವರ ಬೆರಳು ಫೋನ್ ಹುಡುಕುತ್ತೆ. ಅವರಿಗೆ ಬೆಟ್ ಕಟ್ಟುವ ರೂಢಿಯೇ ಇಲ್ಲದ ಆಟ ಆರಿಸಿ.

ವಾಲಿಬಾಲ್ ಇದಕ್ಕೆ ಪೂರ್ತಿ ಉಲ್ಟಾ. ಹಳ್ಳಿಗಳಲ್ಲಿ ಲೈಟು ಹಾಕಿಕೊಂಡು ಸಂಜೆ ಆರೂವರೆಗೆ ಶುರು ಮಾಡುತ್ತಾರೆ. ಒಂದು ಕಡೆಗೆ ಆರು ಜನ ಬೇಕೇ ಬೇಕು. ಒಬ್ಬ ಬರದಿದ್ದರೆ ಅಂಕಣದಲ್ಲಿ ತೂತು ಕಾಣುತ್ತೆ. "ಎಲ್ಲಿದ್ದೀಯೋ, ಬಾರೋ" ಅಂತ ಫೋನ್ ಬರುತ್ತೆ. ಆ ಫೋನಿಗೆ ಬೆಲೆ ಕಟ್ಟಲಾಗದು. ಕಾಯುವ ಹೊತ್ತೂ ಇಲ್ಲ. ಹಳ್ಳಿಯಲ್ಲಿರುವವರಿಗೆ, ಮಂಡಿ ಚೆನ್ನಾಗಿರುವವರಿಗೆ ನನ್ನ ಮೊದಲ ಆಯ್ಕೆ ಇದೇ. ಟೂರ್ನಮೆಂಟಿಗೆ ಬೇರೆ ಊರಿಗೆ ಹೋಗಿ ರಾತ್ರಿ ಉಳಿಯುವುದನ್ನು ಮಾತ್ರ ಮೊದಲ ವರ್ಷ ಒಪ್ಪಬೇಡಿ.

ಕಬಡ್ಡಿ ಹುಡುಗರ ಆಟ. ಇಪ್ಪತ್ತೈದು ದಾಟಿ ಹೊಸದಾಗಿ ಕಲಿಯಲು ಹೋದರೆ ಮೊಣಕಾಲಿನ ಲಿಗಮೆಂಟ್ ಉಳಿಯುವುದು ಕಷ್ಟ.

ಹೆಂಗಸರ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. ಅವರ ಕುಡಿತವಾಗಲಿ ಕಡ್ಡಿಪುಡಿಯಾಗಲಿ ಹೆಚ್ಚಾಗಿ ಮನೆಯೊಳಗೇ, ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಹೊತ್ತಿನಲ್ಲಿ. ಹಾಗಾಗಿ ಸಂಜೆ ಏಳರ ಕೋರ್ಟು ಅವರಿಗೆ ಉಪಯೋಗಕ್ಕೆ ಬರದು. ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ಥ್ರೋಬಾಲ್ ಆಡುವ ಹೆಂಗಸರ ಗುಂಪು ಎಷ್ಟೋ ಬಡಾವಣೆಗಳಲ್ಲಿ ಇದೆ. ಅಲ್ಲಿ ಯಾಕೆ ಬಂದೆ ಅಂತ ಯಾರೂ ಕೇಳುವುದಿಲ್ಲ, ಚಟದ ಸುದ್ದಿ ಎತ್ತಬೇಕಾಗಿಯೂ ಇಲ್ಲ.

ಶಟಲ್

ನಮ್ಮಣ್ಣ ಕೊನೆಗೆ ನಿಂತದ್ದು ಇಲ್ಲಿ. ಇದು ತಾನಾಗಿ ಹೊಳೆದದ್ದಲ್ಲ. ಅತ್ತಿಗೆ ಒಂದು ದಿನ "ಏಳಕ್ಕೆ ಶುರುವಾಗೋದು ಏನಾದ್ರೂ ಹುಡುಕು, ಎಂಟೂವರೆಗೆ ಊಟಕ್ಕೆ ಕೂರಿಸ್ತೀನಿ" ಎಂದರು. ಏಳಕ್ಕೆ ಸಿಕ್ಕಿದ್ದು ಮನೆ ಹಿಂದಿನ ಬೀದಿಯ ಶಟಲ್ ಕೋರ್ಟು.

ಇಲ್ಲಿ ಹೊತ್ತನ್ನು ಮೊದಲೇ ಬುಕ್ ಮಾಡಿರುತ್ತೀರಿ. ಗಂಟೆಗೆ 300 ರೂಪಾಯಿ, ನಾಲ್ಕು ಜನ ಹಂಚಿಕೊಂಡರೆ ತಲಾ 75. ಅಣ್ಣ ದಿನಕ್ಕೆ ಕುಡಿಯುತ್ತಿದ್ದದ್ದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಡಬಲ್ಸ್‌ಗೆ ನಾಲ್ಕು ಜನ ಬೇಕು. ಒಬ್ಬ ತಪ್ಪಿಸಿದರೆ ಉಳಿದ ಮೂವರ ಸಂಜೆ ಹಾಳು, ದುಡ್ಡೂ ದಂಡ. ಹಾಗಾಗಿ ಫೋನ್ ಖಂಡಿತ ಬರುತ್ತೆ. ಹನ್ನೊಂದು ಜನರ ಗುಂಪಿನಲ್ಲಿ ಕುಡಿಯುವವರು ಎಷ್ಟಿದ್ದಾರೋ ನಿಮ್ಮ ಕೈಯಲ್ಲಿಲ್ಲ. ನಾಲ್ವರ ಗುಂಪಾದರೆ ನೀವೇ ಆರಿಸಬಹುದು. ನಾವು ಆರಿಸಿಕೊಂಡವರಲ್ಲಿ ಒಬ್ಬರು ರಿಟೈರ್ ಆದ ಪಿ.ಟಿ. ಮೇಷ್ಟ್ರು. ಅವರಿಗೆ ಮೊದಲ ದಿನವೇ ವಿಷಯ ಹೇಳಿದೆವು. "ಹಾಗಾದ್ರೆ ವಾರಕ್ಕೆ ಆರು ದಿನ ಆಡೋಣ" ಎಂದರು, ಮತ್ತೇನೂ ಕೇಳಲಿಲ್ಲ.

ಇನ್ನೊಂದು ಗುಣ, ಶಟಲ್ ಆಡುವಾಗ ಬೇರೆ ಯೋಚನೆಗೆ ಜಾಗವೇ ಇಲ್ಲ. ಕಾಕ್ ಬರುತ್ತಲೇ ಇರುತ್ತೆ. ಓಟದಲ್ಲಿ ತಲೆಯೊಳಗೆ ಸುತ್ತುತ್ತಿದ್ದ ಹಳೆಯದೆಲ್ಲ ಆ ಒಂದು ಗಂಟೆ ಹೊರಗೆ ನಿಲ್ಲುತ್ತೆ.

ತೊಂದರೆ ಇಲ್ಲ ಅಂತಲ್ಲ. ನೋಡಲು ಹಗುರ, ಆದರೆ ಎದೆಬಡಿತ ಒಮ್ಮೆಲೇ ಏರುವ ಆಟ. ಬಿಪಿ ಹಿಡಿತಕ್ಕೆ ಬರುವವರೆಗೆ, ಇಸಿಜಿ ನೋಡಿ ಡಾಕ್ಟರ್ ಸರಿ ಅನ್ನುವವರೆಗೆ ಸಿಂಗಲ್ಸ್ ಬೇಡವೇ ಬೇಡ. ವರ್ಷಗಟ್ಟಲೆ ಕುಡಿದವರ ಹೃದಯದ ಸ್ನಾಯು ಸಡಿಲವಾಗಿರಬಹುದು. ಅಣ್ಣ ಮೊದಲ ತಿಂಗಳು ಅರ್ಧ ಗಂಟೆ ಮಾತ್ರ ಆಡುತ್ತಿದ್ದ, ಉಳಿದರ್ಧ ಗಂಟೆ ಸ್ಕೋರ್ ಹೇಳುತ್ತಿದ್ದ.

ಸೈಕಲ್ ಮತ್ತು ಈಜು

ಎರಡೂ ಮಂಡಿಗೆ ಮೃದು. ಆದರೆ ಕುಡಿತ ಕಿರುಮೆದುಳಿಗೆ ಪೆಟ್ಟು ಕೊಟ್ಟಿದ್ದರೆ ಮೈ ಸಮತೋಲ ತಪ್ಪುತ್ತೆ. ಅಂಥವರು ಬಸ್ಸು ಲಾರಿಗಳ ನಡುವೆ ಸೈಕಲ್ ತುಳಿಯಬಾರದು. ಫಿಟ್ಸ್ ಬಂದಿದ್ದವರು ಡಾಕ್ಟರ್ ಒಪ್ಪುವವರೆಗೆ ನೀರಿಗೆ ಇಳಿಯಲೇಬಾರದು, ಜೊತೆಗೆ ಜನ ಇದ್ದರೂ. ಈಜುಕೊಳದ ಸಂಜೆ ಬ್ಯಾಚ್ ಸಿಕ್ಕರೆ, ಫಿಟ್ಸ್ ಇತಿಹಾಸ ಇಲ್ಲದಿದ್ದರೆ, ಒಳ್ಳೆಯದೇ. ಈಜಿ ಬಂದ ರಾತ್ರಿ ಬರುವಂಥ ನಿದ್ದೆ ಬೇರೆ ಆಟದಲ್ಲಿ ಇಲ್ಲ. ನಿದ್ದೆಯೇ ಬಾರದೆ ಒದ್ದಾಡುವ ಮೊದಲ ತಿಂಗಳುಗಳಲ್ಲಿ ಅದು ಸಣ್ಣ ಮಾತಲ್ಲ.

ಮೈ ಬಗ್ಗದವರಿಗೆ ಚೆಸ್

ಕಾಲು ಬಿದ್ದುಹೋಗಿದೆ, ಲಿವರ್ ಹಾಳಾಗಿದೆ, ಓಡಾಟ ಆಗುವುದಿಲ್ಲ ಅನ್ನುವವರಿಗೆ ಆಟ ಇಲ್ಲ ಅಂದುಕೊಳ್ಳಬೇಡಿ. ಕೇರಳದ ತ್ರಿಶೂರ್ ಜಿಲ್ಲೆಯಲ್ಲಿ ಮರೊಟ್ಟಿಚ್ಚಾಲ್ ಎಂಬ ಹಳ್ಳಿ ಇದೆ. ಕಳ್ಳಭಟ್ಟಿ, ಜೂಜು ಅಲ್ಲಿ ಮನೆಮನೆಗೂ ಹೊಕ್ಕಿತ್ತು. ಸಿ. ಉಣ್ಣಿಕೃಷ್ಣನ್ ಎಂಬವರು ಚೆಸ್ ಕಲಿತು ಬಂದು, ಊರಲ್ಲಿ ಚಹಾ ಅಂಗಡಿ ಇಟ್ಟು, ಬಂದವರಿಗೆಲ್ಲ ಆಟ ಹೇಳಿಕೊಟ್ಟರು. ಒಬ್ಬರಿಂದ ಒಬ್ಬರಿಗೆ ಹಬ್ಬಿ ಇಂದು ಅದು ಚೆಸ್ ಹಳ್ಳಿ ಎಂದೇ ಹೆಸರಾಗಿದೆ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಚಹಾ ಅಂಗಡಿ. ಅವರು ಯಾರನ್ನೂ ಶಿಬಿರಕ್ಕೆ ಕರೆಯಲಿಲ್ಲ. ಜನ ಕೆಲಸ ಮುಗಿಸಿ ಕೂರುತ್ತಿದ್ದ ಬೆಂಚಿನ ಮೇಲೇ ಹಲಗೆ ಹರಡಿದರು.

ನಾಗಪುರದ ವಿಜಯ್ ಬಾರ್ಸೆಯವರ ಕಥೆಯೂ ಇದೇ ದಾರಿಯದು. ಕಾಲೇಜಿನಲ್ಲಿ ಕ್ರೀಡಾ ಮೇಷ್ಟ್ರಾಗಿದ್ದ ಅವರು, ಕೊಳೆಗೇರಿಯ ಹುಡುಗರು ಮಳೆಯಲ್ಲಿ ಒಡೆದ ಬಕೆಟ್ಟನ್ನು ಒದ್ದು ಆಡುವುದನ್ನು ಕಂಡರು. ಆಡುವಷ್ಟು ಹೊತ್ತು ಈ ಮಕ್ಕಳು ಕೆಟ್ಟ ಚಟಗಳಿಂದ ದೂರ ಇರುತ್ತಾರಲ್ಲ ಎಂದು ಅವರಿಗೆ ಅನ್ನಿಸಿತು. 2001ರಲ್ಲಿ ಶುರುವಾದ ಸ್ಲಮ್ ಸಾಕರ್ ಎಂಬ ಫುಟ್‌ಬಾಲ್ ಸಂಸ್ಥೆ ಹುಟ್ಟಿದ್ದು ಅಲ್ಲಿಂದ. ಹದಿಹರೆಯದ ಮಗನ ಚಿಂತೆಯಲ್ಲಿರುವ ತಂದೆತಾಯಿಗೆ ನಾನು ಫುಟ್‌ಬಾಲ್ ಹೇಳುವುದು ಇದೇ ಕಾರಣಕ್ಕೆ. ಒಂದು ಚೆಂಡು ಸಾಕು, ಇಪ್ಪತ್ತು ಮಕ್ಕಳು ಆಡುತ್ತಾರೆ.

ಬೀಡಿ, ಸಿಗರೇಟು, ಗುಟ್ಕಾ

ಇಲ್ಲಿ ನಿಜ ಹೇಳಬೇಕು. ಹತ್ತು ಹದಿನೈದು ನಿಮಿಷ ಬಿರುಸಾಗಿ ನಡೆದರೆ ಆ ಹೊತ್ತಿನ ಸಿಗರೇಟಿನ ಸೆಳೆತ ಕಡಿಮೆಯಾಗುತ್ತೆ, ಅದನ್ನು ಸಂಶೋಧನೆಗಳು ತೋರಿಸಿವೆ. ಆದರೆ ವ್ಯಾಯಾಮ ಸೇರಿಸಿಕೊಂಡ ಮಾತ್ರಕ್ಕೆ ವರ್ಷಗಟ್ಟಲೆ ಬಿಟ್ಟಿರುತ್ತಾರೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಹಾಗಾಗಿ ಆಟವೊಂದನ್ನೇ ನಂಬಬೇಡಿ. ನಿಕೋಟಿನ್ ಚ್ಯೂಯಿಂಗ್ ಗಮ್, ಆಪ್ತಸಲಹೆ ಜೊತೆಗಿರಲಿ. ತಂಬಾಕು ಬಿಡುವವರ ಉಚಿತ ಸಹಾಯವಾಣಿ 1800-11-2356.

ಆಟದ ಆಯ್ಕೆಯಲ್ಲಿ ಸಿಗರೇಟಿನವರಿಗೆ ಓಟವೇ ಮೇಲು. ಬಿಟ್ಟ ಕೆಲವು ವಾರಗಳಲ್ಲಿ ಉಸಿರು ಸಲೀಸಾಗುವುದು ಅವರಿಗೇ ಗೊತ್ತಾಗುತ್ತೆ. ಗುಟ್ಕಾದವರ ಸಮಸ್ಯೆ ಬೇರೆ. ದವಡೆಯಲ್ಲಿ ಇಟ್ಟುಕೊಂಡೇ ಕ್ರಿಕೆಟ್ ಆಡಬಹುದು, ಫೀಲ್ಡಿಂಗ್ ಮಾಡಬಹುದು. ಬಾಯಲ್ಲಿಟ್ಟುಕೊಂಡು ಈಜಲಾಗದು, ಜೋರಾಗಿ ಓಡಲಾಗದು. ಅವರು ಬಾಯಿ ಖಾಲಿ ಇರಲೇಬೇಕಾದ ಆಟ ಹಿಡಿಯಲಿ.

ಆಟ ಮುಗಿದ ಮೇಲಿನ ಅರ್ಧ ಗಂಟೆ

ಇದನ್ನು ನಾವು ತಡವಾಗಿ ಕಲಿತೆವು. ಆಟ ಮುಗಿದಾಗ ಹಸಿವು, ದಣಿವು ಎರಡೂ ಒಟ್ಟಿಗೆ ಇರುತ್ತವೆ. ಕುಡಿತದ ನೆನಪು ಜಾಸ್ತಿ ಕಾಡುವುದೂ ಅಂಥ ಹೊತ್ತಲ್ಲೇ. ಅಣ್ಣನ ಬ್ಯಾಗಿನಲ್ಲಿ ಈಗಲೂ ಎರಡು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ ಇರುತ್ತೆ. ಕೋರ್ಟಿನ ಮೆಟ್ಟಿಲ ಮೇಲೇ ತಿಂದು ಆಮೇಲೆ ಸ್ಕೂಟರ್ ಹತ್ತುತ್ತಾನೆ. ಮೈಕೈ ನೋವಿಗೆ ಅಂಗಡಿಯಿಂದ ಸುಮ್ನೆ ಮಾತ್ರೆ ತರಬೇಡಿ. ಟ್ರಮಡಾಲ್‌ನಂಥ ನೋವಿನ ಮಾತ್ರೆ ತಾನೇ ಚಟ ಹಿಡಿಸುತ್ತೆ, ಲಿವರ್ ಹಾಳಾದವರಿಗೆ ಪ್ಯಾರಾಸಿಟಮಾಲ್ ಕೂಡ ಲೆಕ್ಕ ಮೀರಬಾರದು.

ಅಮೆರಿಕದಲ್ಲಿ ಸ್ಕಾಟ್ ಸ್ಟ್ರೋಡ್ ಎಂಬವರು 2006ರಲ್ಲಿ ಕಟ್ಟಿದ ದ ಫೀನಿಕ್ಸ್ ಎಂಬ ಕೂಟ ಇದೆ, ಚಟ ಬಿಟ್ಟವರು ಸೇರಿ ವ್ಯಾಯಾಮ ಮಾಡುವ ಜಾಗ. ಸೇರಲು ಶುಲ್ಕ ಇಲ್ಲ, 48 ಗಂಟೆ ಮುಟ್ಟದೆ ಇದ್ದರೆ ಸಾಕು. ಜಾರಿದವನು ಎರಡು ದಿನ ತಡೆದುಕೊಂಡರೆ ಮತ್ತೆ ಒಳಗೆ ಬರಬಹುದು. ನಿಮ್ಮ ನಾಲ್ವರಲ್ಲೂ ಇಂಥದ್ದೊಂದು ಮಾತು ಮೊದಲೇ ಆಗಿರಲಿ. ಏಳನೇ ತಿಂಗಳು ಜಾರಿದಾಗ ಅಣ್ಣ ಆಸ್ಪತ್ರೆಗೆ ತೋರಿಸಿಕೊಂಡು ಬಂದು, ನಾಚಿಕೆಯಿಂದ ಹತ್ತು ದಿನ ಕೋರ್ಟಿಗೆ ಹೋಗಲಿಲ್ಲ. ಹನ್ನೊಂದನೇ ದಿನ ಮೇಷ್ಟ್ರು ಮನೆಗೇ ಬಂದರು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. "ಮೂರೇ ಜನ ಇದ್ದೀವಿ ಕಣಪ್ಪ, ರಾಕೆಟ್ ತಗೋ" ಎಂದರು.

ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಏಳು ಗಂಟೆಗೆ ಯಾರಾದರೂ ಬರಲಿಲ್ಲ ಅಂದರೆ ಏಳೂ ಐದಕ್ಕೆ ಫೋನು. ಎತ್ತಲಿಲ್ಲ ಅಂದರೆ ಏಳೂ ಹತ್ತಕ್ಕೆ ಒಬ್ಬರು ಸ್ಕೂಟರ್ ತೆಗೆಯುತ್ತಾರೆ.